ಹಿಂದಿನ ಸೀಟಿನ ಹೊಗೆ

ಗದಗ ಸೀಮೆಯಲ್ಲಿ ಸತ್ತವರು ಮನೆಯವರ ಬೈಕಿನ ಹಿಂದಿನ ಸೀಟಿಗೆ ಬಂದು ಕೂರುತ್ತಿದ್ದರು. ಕಣ್ಣಿಗೆ ಕಾಣದಿದ್ದರೂ ಅಡ್ಡಗಾಳಿ ಅವರಿಗೂ ಬಡಿದು ಬೈಕು ಓಲಾಡುತ್ತಿತ್ತು. ಅದಕ್ಕೇ ಫಕೀರಪ್ಪ ಮೊದಲು ಹೊಗೆ ಬಿಟ್ಟು, ಕೂತವರ ಆಕಾರ ನೋಡಿ, ಆಮೇಲೆ ಬೈಕಿನ ಮುಂದೆ ಕೂರಿಸುವ, ಗಾಳಿ ತಡೆಯುವ ಕವಚ ಕೊರೆಯುತ್ತಿದ್ದ.

"ಹಿಂದ ಎಷ್ಟು ಮಂದಿ ಅದಾರ್ರಿ?" ಎಂದು ಬೈಕಿನ ಮೇಲೆ ಕೂತಿದ್ದ ನೀಲವ್ವನನ್ನು ಕೇಳಿದ.

"ಯಾರೂ ಇಲ್ರಿ. ತಾಸಾತು, ಗಾಡಿ ಯಾಕೋ ಎಡಕ್ಕ ಜಗ್ಗಾಕತ್ತೈತಿ."

ಫಕೀರಪ್ಪ ಹೊಗೆ ಬಿಟ್ಟು ಫ್ಯಾನ್ ಹಾಕಿದ. ನೀಲವ್ವನ ಬೆನ್ನ ಹಿಂದೆ ಹೊಗೆ ಸೀಳಿ, ಎಡಭುಜ ತಗ್ಗಿದ ಒಬ್ಬ ಗಂಡಸಿನ ಆಕಾರ ಮೂಡಿತು. ಆ ಭುಜದ ಅಳತೆ ತೆಗೆದು ನಿನ್ನೆಯಷ್ಟೇ ಫಕೀರಪ್ಪ ಇನ್ನೊಂದು ಬೈಕಿಗೆ ಕವಚ ಕೂರಿಸಿದ್ದ. ಹಗುರವಾಗಲೆಂದು ಅದನ್ನು ಅಳತೆಗಿಂತ ಎರಡು ಬೆರಳು ಗಿಡ್ಡ ಮಾಡಿದ್ದ.

"ನಮ್ಮ ಯಜಮಾನ್ರು ನಿಮ್ಮ ಹೊಸ ಕವಚ ಹಾಕಿದ ತಮ್ಮ ಗಾಡಿ ತಗೊಂಡು ನಸುಕಿನ್ಯಾಗ ಬಾಗಲಕೋಟಿಗೆ ಹೋದ್ರು," ಎಂದಳು ನೀಲವ್ವ. "ಫೋನ್ ಎತ್ತವಲ್ರು ನೋಡ್ರಿ."

ಫಕೀರಪ್ಪ ಹೊಗೆ ನಿಲ್ಲಿಸಲು ಕೈ ಚಾಚಿದ. ಹೊಗೆಯೊಳಗಿನ ತಲೆ ಮೆಲ್ಲಗೆ ಅವನತ್ತ ತಿರುಗಿತು.