ಕೋಮಲ ಕೇಳಿದ ಪ್ರಶ್ನೆಗಳು

ಸುಮೇಧ ಮೂರನೆಯ ಸಲ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಫ್ಯಾನು ಗುಂಯ್ ಎಂದಿತು, ಪರದೆ ಬೆಳಗಿತು, ಮತ್ತೆ ಕಪ್ಪಾಯಿತು. ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲ ಎಂಬ ಒಂದೇ ಸಾಲು ಮೂಲೆಯಲ್ಲಿ ಉಳಿಯಿತು.

"ಹೊಸಾ ವಿಂಡೋಸ್ ಎಲ್ಲಿ ಹಾಕಿಸಿದ್ರಿ?"

"ನಿಪ್ಪಾಣ್ಯಾಗ," ಎಂದಳು ಶಿವಗಂಗವ್ವ, ತಲೆ ಎತ್ತದೆ.

ಕಬ್ಬೂರಿನವರು ಚಿಕ್ಕೋಡಿ ದಾಟಿ ಅಷ್ಟು ದೂರ ಹೋದದ್ದೇಕೆ ಎಂದು ಸುಮೇಧನಿಗೆ ಅನಿಸಿತು. ಚಿಕ್ಕೋಡಿ ಕೋರ್ಟಿನ ಎದುರಿನ ಈ ಸಾಲಿನಲ್ಲೇ ಅವನದೂ ಸೇರಿ ನಾಲ್ಕು ಕಂಪ್ಯೂಟರ್ ರಿಪೇರಿ ಅಂಗಡಿಗಳಿದ್ದವು. ಆದರೆ ಕೇಳುವ ಹೊತ್ತು ಅದಾಗಿರಲಿಲ್ಲ.

ಅವಳ ಗಂಡ ಆಬಾಸಾಹೇಬ ಒಳಗೆ ಬಂದವನೇ ಎಲ್ಲ ಹೇಳಿಬಿಟ್ಟಿದ್ದ. ಲ್ಯಾಪ್‌ಟಾಪ್ ಮಗಳು ಕೋಮಲಳದು. ಕಾಲೇಜಿನ ಪ್ರಾಜೆಕ್ಟಿಗೆ ಅಪ್ಪನ ಕಬ್ಬಿನ ಬೇಸಾಯವನ್ನೇ ಆರಿಸಿಕೊಂಡಿದ್ದಳು. ಅಪ್ಪನಿಗೆ ಕೂರಲು ಪುರಸೊತ್ತಿರಲಿಲ್ಲ. ಹಾಗಾಗಿ ಪ್ರಶ್ನೆಗಳನ್ನಷ್ಟೇ ಕ್ಯಾಮೆರಾದ ಮುಂದೆ ಕೇಳಿಟ್ಟಿದ್ದಳು. ಉತ್ತರವನ್ನು ಅವನು ಆಮೇಲೆ ಹೇಳಬೇಕಿತ್ತು. ಅಷ್ಟರಲ್ಲಿ ಕಾಮಾಲೆ ಅವಳನ್ನು ಒಯ್ದಿತು. ಎಂಟು ತಿಂಗಳಾಗಿತ್ತು.

"ಹಳೇ ವಿಂಡೋಸ್ ಬಂದ್ ಆಗತೈತಂತ, ಅದಕ್ಕ ಹೊಸಾದು ಹಾಕಿಸ್ತೀನಿ ಅಂತ ಇಕಿ ಒಯ್ದಳ್ರಿ," ಎಂದು ಹೆಂಡತಿಯ ಕಡೆ ನೋಡಿದ ಆಬಾಸಾಹೇಬ. "ನಾಕ ದಿನಾ ಆತು, ಚಾಲೂನ ಆಗವಲ್ದು." ಅಷ್ಟು ಹೇಳಿ ಹೊರಗಿನ ಬೆಂಚಿಗೆ ಹೋಗಿ ಕೂತ.

ಶಿವಗಂಗವ್ವ ಸೆರಗಿನ ಅಂಚು ಹಿಂಡುತ್ತಾ ಮೇಜಿನ ಬಳಿಯೇ ನಿಂತಳು.

"ಒಳಗಿಂದು ಎಲ್ಲಾ ಹೋಗಿರತೈತೇನ್ರಿ?"

"ನೋಡೋಣ್ರಿ."

"ಖಾತ್ರಿ ಹೋಗಿರತೈತಿ, ಹೌದಲ್ರಿ?"

ಪಾಪ, ತನ್ನಿಂದಲೇ ಹೀಗಾಯಿತೆಂದು ಒಳಗೊಳಗೇ ಬೇಯುತ್ತಿದ್ದಾಳೆ ಎಂದುಕೊಂಡ ಸುಮೇಧ. "ಧೈರ್ಯಾ ಬಿಡಬ್ಯಾಡ್ರಿ ಅಕ್ಕಾರ," ಎಂದು ಪೆನ್‌ಡ್ರೈವ್ ಚುಚ್ಚಿ ಅದರಿಂದಲೇ ಯಂತ್ರವನ್ನು ಶುರುಮಾಡಿದ.

ಡಿಸ್ಕು ಕಾಣಿಸಿತು. ನಿಪ್ಪಾಣಿಯವನು ಅವಸರದಲ್ಲಿ ಹಳೆಯದನ್ನು ಒರೆಸದೆ, ಅದರ ಮೇಲೆಯೇ ಹೊಸದನ್ನು ಹೇರಿದ್ದ. ಯಂತ್ರ ಏಳಲು ಬೇಕಾದ ಫೈಲು ಮಾತ್ರ ಕೂತಿರಲಿಲ್ಲ. ಹಳೆಯ ಕಡತಗಳೆಲ್ಲ ಒಂದು ಫೋಲ್ಡರಿನಲ್ಲಿ ಹಾಗೇ ಬಿದ್ದಿದ್ದವು.

"ಸಿಕ್ತು!" ಎಂದ.

ಶಿವಗಂಗವ್ವ ಕುಸಿದು ಸ್ಟೂಲಿನ ಮೇಲೆ ಕೂತಳು. ಕಣ್ಣೀರು ಧಾರೆಯಾಗಿ ಇಳಿಯಿತು. ಆರು ವರ್ಷದ ಕೆಲಸದಲ್ಲಿ ಇಂಥ ಸಾರ್ಥಕದ ಗಳಿಗೆ ಸುಮೇಧನಿಗೆ ಸಿಕ್ಕಿರಲಿಲ್ಲ. ಖಾತ್ರಿಗೆಂದು ವಿಡಿಯೊ ಒತ್ತಿದ.

ಎರಡು ಜಡೆಯ ಹುಡುಗಿ ನಕ್ಕಳು. "ಪಪ್ಪಾ, ಕಬ್ಬಿಗೆ ಮೊದಲನೇ ನೀರ ಯಾವಾಗ ಬಿಡತೀರಿ?"

ದನಿ ಕೇಳಿದ್ದೇ ಆಬಾಸಾಹೇಬ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ. ಸುಮೇಧನ ಕುರ್ಚಿ ಎಳೆದುಕೊಂಡು ಪರದೆಯ ಎದುರು ಕೂತ.

"ನಾಟಿ ಮಾಡಿದ ದಿನಾನ ಬಿಡೋದು, ಪುಟ್ಟಾ," ಎಂದ ಮೆಲ್ಲಗೆ. ಮುಂದಿನ ಪ್ರಶ್ನೆ ಬಂತು. ಅದಕ್ಕೂ ಹೇಳಿದ. ವಿಡಿಯೊ ಮುಗಿಯಿತು. ಅವನ ಬೆರಳು ತಾನಾಗಿ ಚಲಿಸಿ ಅದನ್ನು ಮತ್ತೆ ಮೊದಲಿನಿಂದ ಹಚ್ಚಿತು.

"ಏನ್ರೀ, ಬಸ್ಸಿನ ಹೊತ್ತಾತು," ಎಂದಳು ಹೆಂಡತಿ. ಅವನಿಗೆ ಕೇಳಿಸಲಿಲ್ಲ. ಭುಜ ಮುಟ್ಟಿದಳು. ತಿರುಗಲಿಲ್ಲ.

"ಇರಲಿ ಬಿಡ್ರಿ," ಎಂದ ಸುಮೇಧ. "ಅವರ ಜೀವಾ ಮರಳಿ ಬಂದಂಗಾಗೇತಿ."

ಶಿವಗಂಗವ್ವ ಅವನತ್ತ ನೋಡಿದಳು. ಆ ನೋಟದಲ್ಲಿ ಕೃತಜ್ಞತೆ ಇರಲಿಲ್ಲ.

"ಎಂಟ ತಿಂಗಳು ಇದರ ಮುಂದಿಂದ ಎದ್ದಿರಲಿಲ್ರಿ. ಇದು ಕೆಟ್ಟ ಮ್ಯಾಲ, ಈ ನಾಕ ದಿನಾ, ನನ್ನ ಕೂಡ ಕೂತು ಅತ್ತಿದ್ರು. ಒಂದ ತಾಟಿನ್ಯಾಗ ಉಂಡಿದ್ರು."

ಅವಳು ದನಿ ತಗ್ಗಿಸಿದಳು.

"ಎಲ್ಲಾ ಅಳಸಿಬಿಡ್ರಿ ಅಂತ ನಿಪ್ಪಾಣ್ಯಾಗ ಕೈಮುಗದು ಹೇಳಿ ಬಂದಾಕಿ ನಾನ."