ಮರೆತ ಸಾಲು

"ನಿಲ್ಸಿ! ಸಾಕು, ನಿಲ್ಸಿ!"

ಪ್ರೊಫೆಸರ್ ಎಬೊ ಕ್ವಾನ್ಸಾ ಊರುಗೋಲಿನಿಂದ ನೆಲ ಕುಟ್ಟಿದರು. ಹಾಡುವವರ ಬಾಯಿ ಮುಚ್ಚಿತು. ವೇದಿಕೆಯ ಮೇಲೆ ಅರಾಬಾ ಎತ್ತಿದ ಕೈ ಇಳಿಸದೆ ನಿಂತಳು. ಸಂಗೀತ ರಚನೆಯ ಪದವಿಗಾಗಿ ಅವಳು ಬರೆದ ಕೃತಿಯ ತಾಲೀಮು ಅದು. ಮರುದಿನ ಪರೀಕ್ಷಕರ ಮುಂದೆ ಹಾಡಿಸಬೇಕಿತ್ತು.

"ಕೇಳಿಸ್ತಾ, ಅಮಿಸಾ?" ಪಕ್ಕದಲ್ಲಿ ಕುಳಿತಿದ್ದ ವಿಭಾಗದ ಮುಖ್ಯಸ್ಥೆಯತ್ತ ತಿರುಗಿದರು. "ಹಗಲುದರೋಡೆ. ನನ್ನ ಶಿಷ್ಯೆಯಿಂದಲೇ, ನನ್ನ ಕಣ್ಣೆದುರೇ!"

ಅಮಿಸಾ ಮೇಡಂ ಕೂಡ ಒಂದು ಕಾಲದಲ್ಲಿ ಅವರ ಶಿಷ್ಯೆಯೇ. "ಧಾಟಿ ಹಳೇದಲ್ವಾ ಸರ್? ಕರಾವಳಿಯ ಸಾವಿನ ಹಾಡು. ಯಾರು ಬೇಕಾದ್ರೂ ಬಳಸ್ಬಹುದು ಅಂತ ನೀವೇ ಪಾಠ ಮಾಡಿದ್ರಿ."

"ಧಾಟಿ ಯಾರಪ್ಪನ ಸೊತ್ತೂ ಅಲ್ಲ. ಆ ಮೌನ ನನ್ನದು."

ಅದರಲ್ಲಿ ಘಾನಾದ ಯಾವ ಸಂಗೀತಗಾರನಿಗೂ ಅನುಮಾನವಿರಲಿಲ್ಲ. ಅವರ 'ಮರೆತ ಸಾಲು' ಕೃತಿಯಲ್ಲಿ, 'ಒಲೆಯ ಬಳಿ ಯಾರಿದ್ದೀರಿ?' ಎಂದು ಕೇಳಿ ಇಡೀ ವೃಂದ ಸುಮ್ಮನಾಗುತ್ತದೆ. ಡೋಲೂ ಇಲ್ಲ, ಪಿಟೀಲೂ ಇಲ್ಲ. ಲಂಡನ್ನಿನಲ್ಲಿ ಹಾಡಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಆ ಮೌನದ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಗಿಟ್ಟಿಸಿದವರಿದ್ದರು. ಆಮೇಲೆ ಕ್ವಾನ್ಸಾ ಬರೆದ ಯಾವುದನ್ನೂ ಯಾರೂ ಎರಡನೆಯ ಸಲ ಹಾಡಿಸಲಿಲ್ಲ. ಅದು ಅವರಿಗೂ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಹೊಟ್ಟೆ ಉರಿಯುತ್ತಿತ್ತು. ಉಳಿದದ್ದು ಅದೊಂದೇ ಒಡವೆ. ಅದಕ್ಕೂ ಕೈ ಹಾಕಿದ್ದಳು ಈ ಬೆಸ್ತರ ಹುಡುಗಿ.

ಅದು ಹುಟ್ಟಿದ ಕಥೆಯನ್ನು ಪ್ರತಿ ವರ್ಷ ಹೊಸ ತರಗತಿಗೆ ಹೇಳುತ್ತಿದ್ದರು. "ಅತಾಬಾನೊದಲ್ಲಿ ಒಂದು ಸಾವು. ನಾನು ಆಗಷ್ಟೇ ಲಂಡನ್ನಿಂದ ಬಂದಿದ್ದೆ, ಹೆಗಲಲ್ಲಿ ಟೇಪ್‌ರೆಕಾರ್ಡರ್. ಎಲ್ಲರಿಗಿಂತ ಮುಂದೆ ಕೂರಿಸಿದ್ರು. ಮುದುಕಿ ಹಾಡ್ತಾ ಹಾಡ್ತಾ ಗಕ್ಕನೆ ನಿಂತ್ಲು. ಪಾಪ, ಸಾಲು ಮರೆತುಹೋಗಿದೆ! ಅಂಗಳದ ಜನವೆಲ್ಲ ನನ್ನನ್ನೇ ನೋಡ್ತಿದ್ದಾರೆ. ಇಂಥ ಯಂತ್ರ ಎಲ್ಲಿ ನೋಡಿದ್ರು ಅವರು? ಟೇಪು ಸುಮ್ನೆ ಓಡ್ತಿದೆ. ಬೆರಳೆತ್ತಿ, ಹ್ಞೂಂ, ಮುಂದೆ ಅಂದೆ. ಹಾಡಿದ್ಲು. ಅವಳ ಮರೆವನ್ನ ನಾನು ಸಂಗೀತ ಮಾಡಿದೆ."

ತರಗತಿ ಗೊಳ್ಳೆಂದು ನಗುತ್ತಿತ್ತು. ಅರಾಬಾ ಮಾತ್ರ ನಕ್ಕಿರಲಿಲ್ಲ. ಆಗಲೇ ಕದಿಯುವ ಲೆಕ್ಕ ಹಾಕುತ್ತಿದ್ದಳೆಂದು ಈಗ ಅವರಿಗೆ ಅನಿಸಿತು.

"ಗೊತ್ತಾಗಬಾರ್ದು ಅಂತ ಒಂದು ಬಾಲ ಬೇರೆ ಅಂಟಿಸಿದ್ದಾಳೆ," ಎಂದರು. "ಮೌನ ಮುಗಿಯೋ ಹೊತ್ತಿಗೆ ಹಿಂದಿನ ಬೆಂಚಿಂದ ಯಾವನೋ 'ನಾನಿದ್ದೀನಿ' ಅಂತಾನೆ. ಏನಮ್ಮಾ, ಇಸ್ಕೂಲಲ್ಲಿ ಹಾಜರಿ ಕರೀತಿದ್ದೀಯಾ?"

ಹಾಡುವ ಹುಡುಗಿಯರು ಹಾಳೆಗಳ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಅರಾಬಾ ವೇದಿಕೆಯಿಂದ ಇಳಿದು ಬಂದಳು.

"ಆ ಮೌನ ತೆಗೆದುಹಾಕು," ಕ್ವಾನ್ಸಾ ಬೆರಳೆತ್ತಿದರು. "ಇಲ್ಲಾಂದ್ರೆ ನಾಳೆ ಪರೀಕ್ಷಕರ ಮುಂದೆ ನಾನೇ ಎದ್ದು ನಿಂತು ಕಳ್ಳಿ ಅಂತೀನಿ. ಪದವಿ ಹಾಗಿರಲಿ, ಅಕ್ರಾದ ಯಾವ ಚರ್ಚಲ್ಲೂ ಒಂದು ಹಾಡು ಹೇಳಿಸೋಕೆ ನಿನ್ನ ಕರೆಯಲ್ಲ."

"ಕರೀದಿದ್ರೆ ಬೇಡ ಸರ್. ತೆಗೆಯಲ್ಲ. ಅದು ನಮ್ಮೂರ ಹೆಂಗಸರದ್ದು. ನಮ್ಮೂರು ಅತಾಬಾನೊ."

"ನಿನ್ನಿಂದ ಹಳ್ಳಿ ಶಾಸ್ತ್ರ ಕಲೀಬೇಕಾ ನಾನು? ಹಾಲುಹಲ್ಲು ಬೀಳೋ ಮೊದ್ಲೇ ಹಳ್ಳಿ ಬಿಟ್ಟು ಸೋದರಮಾವನ ಮನೆ, ಮಿಷನ್ ಶಾಲೆ ಸೇರಿದೋನು ನಾನು. ಅದು ಶಾಸ್ತ್ರ ಅಲ್ಲ, ಮುದುಕಿಯ ಮರೆವು!"

"ಆ ಮುದುಕಿ ನಮ್ಮಜ್ಜಿ."

ನಗು ನಿಂತಿತು.

"ಅಜ್ಜಿ ಏನೂ ಮರೆತಿರಲಿಲ್ಲ ಸರ್," ಅರಾಬಾಳ ದನಿ ಏರಲಿಲ್ಲ. "ನಮ್ಮೂರಲ್ಲಿ ಹೆಂಗಸು ಸತ್ರೆ 'ಒಲೆಯ ಬಳಿ ಯಾರಿದ್ದೀರಿ?' ಅನ್ನೋ ಸಾಲಿಗೆ ಹಾಡು ನಿಲ್ಲಿಸ್ತಾರೆ. ಸತ್ತೋಳ ಹಿರೀ ಕೂಸು 'ನಾನಿದ್ದೀನಿ, ಅವ್ವಾ' ಅನ್ಬೇಕು. ಅನ್ನೋ ತನಕ ಹಾಡೋಳು ಮುಂದೆ ಹೋಗಲ್ಲ, ಸತ್ತೋಳೂ ಹೋಗಲ್ಲ. ಅಜ್ಜಿ ಜೀವಮಾನದಲ್ಲಿ ಒಂದೇ ಒಂದು ಸಲ ಉತ್ತರ ಸಿಗದೆ ಹಾಡು ಮುಗಿಸಿದ್ದು. ಆ ತಾಯಿನ ಬಾಗಿಲಲ್ಲೇ ನಿಲ್ಸಿಬಿಟ್ಟೆ ಅಂತ ಸಾಯೋ ತನಕ ಕೊರಗಿದ್ಲು. ಅದಕ್ಕೇ ನನ್ನ ಹಾಡಲ್ಲಿ ಉತ್ತರ ಇಟ್ಟಿದ್ದು."

ಕ್ವಾನ್ಸಾ ಎತ್ತಿದ ಬೆರಳು ಹಾಗೆಯೇ ಉಳಿಯಿತು. ಹೊರಗೆ ಜೋಳದ ಹಿಟ್ಟಿನ ಕೆಂಕೆ ಕಡುಬು ಮಾರುವವಳ ಕೂಗು ಕಿಟಕಿಯಿಂದ ಒಳಗೆ ಬಂದು ಹೋಯಿತು.

ಅಮಿಸಾ ಮೇಡಂಗೆ ನಿಜಕ್ಕೂ ಕರುಳು ಚುರುಕ್ ಎಂದಿತ್ತು. "ಅಯ್ಯೋ, ಯಾಕೆ ಹಂಗಾಯ್ತು? ಆ ತಾಯಿಗೆ ಮಕ್ಕಳಿರಲಿಲ್ವಾ?"

ಅರಾಬಾ ಕ್ವಾನ್ಸಾ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಒಬ್ಬನೇ ಮಗ, ಮೇಡಂ. ಎಲ್ಲರಿಗಿಂತ ಮುಂದೆ ಕೂತಿದ್ರು, ಟೇಪ್‌ರೆಕಾರ್ಡರ್ ಹಿಡ್ಕೊಂಡು."