ನಿರಂಜನನ ಚಮಚ

ಸೊರಗಿದ ಹಂದಿಯ ಬೆನ್ನು ಸವರುತ್ತಾ ಡಾಕ್ಟ್ರಮ್ಮ, "ಮಿನರಲ್ ಪುಡಿ ಎಷ್ಟು ಹಾಕ್ತೀರಿ?" ಎಂದರು. ಪೂರ್ಣೇಶ ಜಂಬದಿಂದ ಮುಷ್ಟಿ ತೋರಿಸಿದ. "ಒಂದೊಂದಕ್ಕೂ ದಿನಕ್ಕೆ ಮೂರು ಹಿಡಿ!"

"ಹಾಕಿದ್ದೆಲ್ಲ ಇಲ್ಲೇ ಹೋಗ್ತಿದೆ," ಎಂದು ಆಕೆ ಲದ್ದಿಯನ್ನು ಕಡ್ಡಿಯಿಂದ ಕೆದಕಿದರು. "ಪುಡೀಲಿರೋ ಜಿಂಕ್ ಅತಿಯಾದ್ರೆ ತಾಮ್ರ ಮೈಗೆ ಹತ್ತಲ್ಲ. ಒಂದೇ ಚಮಚ ಸಾಕು."

ಬೇಲಿಯಾಚೆಯ ನಿರಂಜನ ಹೇಳಿದ್ದೂ ಅದನ್ನೇ. ಇಬ್ಬರವೂ ರಿಪ್ಪನ್‌ಪೇಟೆಯಿಂದ ಒಂದೇ ದಿನ ತಂದ, ಒಂದೇ ತಾಯಿಯ ಮರಿಗಳು; ಅವನವು ಮಾತ್ರ ಪೀಪಾಯಿಯ ಹಾಗೆ ಉಬ್ಬುತ್ತಿದ್ದವು. ತನ್ನವು ಬೆಳೆಯಬಾರದೆಂದೇ ಕಳ್ಳ ಕಡಿಮೆ ಅಳತೆ ಹೇಳಿದ್ದಾನೆ ಎಂದುಕೊಂಡು ಪೂರ್ಣೇಶ ಹಿಡಿಗಟ್ಟಲೆ ಸುರಿದಿದ್ದ.

ಬೇಲಿಗೆ ಒರಗಿ ಎಲ್ಲ ಕೇಳುತ್ತಿದ್ದ ನಿರಂಜನ ತನ್ನ ಪುಡಿ ಡಬ್ಬದ ಚಮಚವನ್ನೇ ಚಾಚಿದ. "ಆವತ್ತೇ ಬಡ್ಕೊಂಡ್ನಲ್ಲ ಮಾರಾಯ. ಇದ್ರಲ್ಲೇ ಹಾಕು, ತಗೋ. ನಂಗೆ ಬೇರೆ ಇದೆ."

ಪೂರ್ಣೇಶ ಅದನ್ನು ಕಿತ್ತುಕೊಂಡ. ಡಾಕ್ಟ್ರಮ್ಮನ ಸ್ಕೂಟಿ ತಿರುವು ದಾಟಿದ್ದೇ ತಡ, ಇದರ ಅಳತೆಯಲ್ಲೂ ಮೋಸವಿದ್ದೀತೆಂದು ಅಡುಗೆಮನೆಗೆ ಓಡಿ, ಆ ಚಮಚದ ತುಂಬ ನೀರು ತೆಗೆದುಕೊಂಡು ತನ್ನ ಮನೆಯ ಚಮಚಕ್ಕೆ ಸುರಿದು ನೋಡಿದ. ನೀರು ಸರಿಯಾಗಿ ಅಂಚಿಗೆ ಬಂದು ನಿಂತಿತು. ಒಂದು ಹನಿಯೂ ಚೆಲ್ಲಲಿಲ್ಲ. ಬಯ್ಯಲು ಆ ಪುಣ್ಯಾತ್ಮ ಒಂದು ಹನಿಯಷ್ಟು ನೆಪವನ್ನೂ ಉಳಿಸಿರಲಿಲ್ಲ.